ಸ್ಕ್ಯಾನ್ ವರದಿಯಲ್ಲಿ ಬಾರದ ನಾಲ್ಕು ಸಾಲು

ಬೈಲಕುಪ್ಪೆಯಿಂದ ಮೈಸೂರಿಗೆ ಹತ್ತಿರಹತ್ತಿರ 80 ಕಿಲೋಮೀಟರ್. ತಿಂಗಳುಗಟ್ಟಲೆ ಮೂಗು ಕಟ್ಟಿ, ತಲೆ ಭಾರವಾಗಿ ಒದ್ದಾಡಿದವರಿಗೆ ಇಎನ್‌ಟಿ ಡಾಕ್ಟರು ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟರೆಂದರೆ ಆ ದಿನದ ಕೂಲಿ ಹೋದಂತೆಯೇ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲದಿಂದ ಬಂದವರಾಗಲಿ, ಟಿಬೆಟನ್ ಕ್ಯಾಂಪಿನ ಸನ್ಯಾಸಿಯಾಗಲಿ, ಸಂಜೆಗೆ ಕೈಗೆ ಸಿಗುವುದು ಒಂದು ದೊಡ್ಡ ಕವರು; ಒಳಗೊಂದು ಫಿಲ್ಮು, ಒಂದು ಹಾಳೆ ವರದಿ. ಮೂಗಿನ ನಡುಗೋಡೆ ವಾಲಿದ್ದರೆ ಅದು ಹಾಳೆಯಲ್ಲಿ ತಪ್ಪದೆ ಬರುತ್ತದೆ. ಸ್ಫೀನಾಯ್ಡ್ ಸೈನಸ್ ಪಾಲಿಗೆ ಎಷ್ಟೋ ವರದಿಗಳಲ್ಲಿ ಸಿಗುವುದು ‘ನಾರ್ಮಲ್’ ಎಂಬ ಒಂದೇ ಪದ. ಮೂಗಿನೊಳಗಿಂದ ಆಪರೇಷನ್ ಆಗಬೇಕಾದವರಿಗೆ ಅಷ್ಟು ಸಾಲದು.

ಮೂಗಿನ ಹಿಂದೆ, ತಲೆಬುರುಡೆಯ ನಟ್ಟನಡುವೆ ಇರುವ ಈ ಗಾಳಿಗೂಡು ಹುಟ್ಟಿದ ಮಗುವಿನಲ್ಲಿ ಇಲ್ಲವೆಂದೇ ಹೇಳಬೇಕು. ಮೂರ್ನಾಲ್ಕು ವರ್ಷಕ್ಕೆ ಮೂಳೆಯೊಳಗೆ ಪೊಳ್ಳು ಹಬ್ಬಲು ಶುರುವಾಗಿ ಹದಿಹರೆಯದ ಹೊತ್ತಿಗೆ ಪೂರ್ಣ ಗಾತ್ರಕ್ಕೆ ಬರುತ್ತದೆ. ಅದು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆಲವರಲ್ಲಿ ಗಟ್ಟಿ ಮೂಳೆಯೇ ಉಳಿದುಬಿಡುತ್ತದೆ, ಕೆಲವರಲ್ಲಿ ಪಿಟ್ಯುಟರಿ ಗ್ರಂಥಿಗೆ ಮುಂಚೆಯೇ ನಿಲ್ಲುತ್ತದೆ, ಹೆಚ್ಚಿನವರಲ್ಲಿ ಆ ಗ್ರಂಥಿಯ ಅಡಿಗೆ ನುಗ್ಗಿರುತ್ತದೆ. ಇದ್ಯಾವುದೂ ಕಾಯಿಲೆಯಲ್ಲ.

ಅಪಾಯ ಇರುವುದು ನೆರೆಹೊರೆಯಲ್ಲಿ. ಗೂಡಿನ ಪಕ್ಕದ ಗೋಡೆಗೆ ಒತ್ತಿಕೊಂಡೇ ಕಣ್ಣಿನ ನರವೂ ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ನಾಳವೂ ಸಾಗುತ್ತವೆ. ನಡುವಿನ ಮೂಳೆ ಬಹಳ ತೆಳು. ಕೆಲವರಲ್ಲಿ ಅಲ್ಲಲ್ಲಿ ಮೂಳೆಯೇ ಇರುವುದಿಲ್ಲ, ಬರೀ ಪೊರೆ. ಗೂಡನ್ನು ಇಬ್ಭಾಗ ಮಾಡುವ ಒಳತಡಿಕೆಯೂ ನೇರವಾಗಿ ನಿಂತಿರುವುದು ಅಪರೂಪ. ಅದು ಓರೆಯಾಗಿ ಹೋಗಿ ಕ್ಯಾರೋಟಿಡ್ ಮೇಲಿನ ಮೂಳೆಗೇ ಅಂಟಿಕೊಂಡಿರಬಹುದು. ಗೊತ್ತಿಲ್ಲದೆ ಇಕ್ಕಳದಲ್ಲಿ ಹಿಡಿದು ತಿರುಚಿ ಕಿತ್ತರೆ ನಾಳವೇ ಹರಿದೀತು. ಮೊದಲೇ ಗೊತ್ತಿದ್ದ ಸರ್ಜನ್ ಅದನ್ನು ಕೀಳದೆ, ಡ್ರಿಲ್‌ನಿಂದ ನಯವಾಗಿ ಸವೆಸುತ್ತಾರೆ. ‘ಬರೀ ಮೂಗಿನ ಆಪರೇಷನ್ನು ತಾನೆ’ ಎನ್ನುವವರಿಗೆ ಇದೊಂದನ್ನು ತೋರಿಸಿದರೆ ಸಾಕು.

ಇನ್ನೊಂದು ಓನೋಡಿ ಕೋಶ. ಬುಡಾಪೆಸ್ಟಿನ ವೈದ್ಯ ಅಡಾಲ್ಫ್ ಓನೋಡಿ ಹೆಸರಿನ ಈ ಕೋಶ ಎತ್‌ಮಾಯ್ಡ್ ಸೈನಸ್‌ನ ಹಿಂಭಾಗಕ್ಕೆ ಸೇರಿದ್ದು, ಆದರೆ ಹಿಂದಕ್ಕೆ ಚಾಚಿ ಸ್ಫೀನಾಯ್ಡಿನ ಮೇಲೇರಿ ಕೂರುತ್ತದೆ. ಆಗ ಕಣ್ಣಿನ ನರ ಹಾಯುವುದು ಇದರ ಗೋಡೆಯಲ್ಲಿ.

ಇವೆಲ್ಲ ಎಷ್ಟು ಜನರಲ್ಲಿ? ಪಠ್ಯಪುಸ್ತಕಗಳು ಇಂದಿಗೂ ನೆನೆಯುವುದು 1961ರ ಸ್ವೀಡನ್ ವೈದ್ಯರ ಲೆಕ್ಕವನ್ನು: ಸೈನಸ್ ಗ್ರಂಥಿಯ ಅಡಿಗೆ ಬಂದವರು ಶೇ 86, ಮುಂಚೆಯೇ ನಿಂತವರು ಶೇ 11, ಗಟ್ಟಿ ಮೂಳೆಯವರು ಶೇ 3. ಲಂಡನ್ನಿನಲ್ಲಿ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆ ನೋಡಿದ್ದೇ ಅದಾದ ಹತ್ತು ವರ್ಷಕ್ಕೆ, 1971ರಲ್ಲಿ. ಓನೋಡಿ ಕೋಶವಂತೂ ಏಷ್ಯಾದವರಲ್ಲಿ ಹೆಚ್ಚು ಎನ್ನುತ್ತಾರೆ ಬಲ್ಲವರು. ಎಚ್.ಡಿ. ಕೋಟೆಯ ಹಾಡಿಯವರೂ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರೂ ಒಂದೇ ಜಿಲ್ಲೆಯಲ್ಲಿರುವಾಗ, 1930ರಿಂದ ವೈದ್ಯಕೀಯ ಕಾಲೇಜು ಇರುವ ಮೈಸೂರಿನ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇಲ್ಲಿನವರ ಲೆಕ್ಕ ತೆಗೆಯುವುದಕ್ಕಿಂತ ಒಳ್ಳೆಯ ಪ್ರಬಂಧದ ವಿಷಯ ಬೇಕೆ?

ರೇಡಿಯಾಲಜಿಸ್ಟರಿಗೆ ಪುರುಸೊತ್ತಿಲ್ಲ, ನಿಜ. ಸಾಲು ದೊಡ್ಡದು, ಡಾಕ್ಟರುಗಳು ಕಡಿಮೆ. ಆದರೂ ಗೂಡು ಎಲ್ಲಿವರೆಗೆ ಹಬ್ಬಿದೆ, ತಡಿಕೆ ಎಲ್ಲಿ ಅಂಟಿದೆ, ನರ-ನಾಳಗಳ ಮೇಲೆ ಮೂಳೆ ಇದೆಯೇ, ಓನೋಡಿ ಕೋಶ ಉಂಟೇ ಎಂಬ ನಾಲ್ಕು ಸಾಲಿಗೆ ಎಷ್ಟು ಹೊತ್ತು ಹಿಡಿದೀತು? ಸರ್ಜನ್ ಹೇಗೂ ಚಿತ್ರ ನೋಡುತ್ತಾರೆ ಎಂಬ ಉತ್ತರವೂ ಪೂರ್ತಿ ಒಪ್ಪುವಂಥದ್ದಲ್ಲ. ಎರಡು ಜೊತೆ ಕಣ್ಣು ನೋಡಲೆಂದೇ ಅಲ್ಲವೆ ವರದಿ ಎಂಬ ಏರ್ಪಾಡು ಇರುವುದು? ಇದು ರೋಗವಲ್ಲ, ರಚನೆಯ ವ್ಯತ್ಯಾಸ ಎಂದೂ ಅಲ್ಲೇ ಬರೆದರೆ, ಮೊಬೈಲಿನಲ್ಲಿ ಹುಡುಕಿ ಹೆದರಿಕೊಳ್ಳುವವರು ಕಡಿಮೆಯಾಗುತ್ತಾರೆ.

ಫಿಲ್ಮಿನ ಜೊತೆ ಸಿ.ಡಿ.ಯನ್ನೂ ಕೇಳದೆಯೇ ಕೊಡಬೇಕು. ಫಿಲ್ಮಿನಲ್ಲಿ ಅಚ್ಚಾಗುವುದು ಆಯ್ದ ಚಿತ್ರಗಳಷ್ಟೆ. ತೆಳು ಪದರಗಳೆಲ್ಲ ಇರುವುದು ಸಿ.ಡಿ.ಯಲ್ಲಿ. ಪಿಟ್ಯುಟರಿ ಗಡ್ಡೆಯೆಂದು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾಗಿ ಬಂದರೆ ಈ ಗೂಡಿನ ಮೂಲಕವೇ ಗ್ರಂಥಿಯನ್ನು ತಲುಪುವ ಅಲ್ಲಿನ ಸರ್ಜನ್‌ಗೂ ಬೇಕಾಗುವುದು ಆ ಪದರಗಳೇ. ಸಿ.ಡಿ. ಇಲ್ಲದೆ ಹೋದವರು ಮತ್ತೊಮ್ಮೆ ದುಡ್ಡು ಕಟ್ಟಿ, ಮತ್ತೊಮ್ಮೆ ವಿಕಿರಣಕ್ಕೆ ತಲೆ ಒಡ್ಡಬೇಕಾದೀತು.