ದೇವದೂತರಿಗೆ ತಗುಲಿದ ಗುಂಡು

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫಕ್ ಪ್ರಾಂತದಲ್ಲಿ ಬ್ಲೈತ್ ಎಂಬ ಸಣ್ಣ ನದಿಯೊಂದು ಕಡಲನ್ನು ಸೇರುವುದಕ್ಕೆ ಮೊದಲು ಜೌಗು ನೆಲದ ಮೇಲೆ ಅಗಲವಾಗಿ ಹರಡಿಕೊಳ್ಳುತ್ತದೆ. ಆ ಜೌಗಿನ ಅಂಚಿನಲ್ಲಿರುವ ಹಳ್ಳಿ ಬ್ಲೈತ್‌ಬರೊ. ಇರುವ ಮನೆಗಳು ಕೆಲವೇ. ಆದರೆ ಅವುಗಳ ಮೇಲೆ ತಲೆಯೆತ್ತಿ ನಿಂತಿರುವ ಹೋಲಿ ಟ್ರಿನಿಟಿ ಚರ್ಚು ಒಂದು ದೊಡ್ಡ ಪಟ್ಟಣಕ್ಕೇ ಸಾಕಾಗುವಂತಹುದು. ಜನರು ಅದನ್ನು ‘ಜೌಗಿನ ಮಹಾದೇವಾಲಯ’ವೆಂದು ಕರೆಯುವುದು ಉತ್ಪ್ರೇಕ್ಷೆಯೇನಲ್ಲ.

ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಚರ್ಚು ಏಕೆಂದು ಅಚ್ಚರಿಯಾಗಬಹುದು. 15ನೆಯ ಶತಮಾನದಲ್ಲಿ ಇದನ್ನು ಕಟ್ಟಿದಾಗ ಬ್ಲೈತ್‌ಬರೊ ಹಡಗುಗಳು ಬಂದುಹೋಗುತ್ತಿದ್ದ ಬಂದರು. ಪಕ್ಕದಲ್ಲಿ ಸಂನ್ಯಾಸಿಗಳ ಮಠವೂ ಇತ್ತು. ಆಮೇಲೆ ನದಿಯಲ್ಲಿ ಹೂಳು ತುಂಬಿತು, ಹಡಗುಗಳು ದೊಡ್ಡವಾದುವು, ಎಂಟನೆಯ ಹೆನ್ರಿಯ ಕಾಲದಲ್ಲಿ ಮಠವೂ ಮುಚ್ಚಿತು. ಸಂಪತ್ತು ಊರನ್ನು ಬಿಟ್ಟಿತು. ಚರ್ಚು ಮಾತ್ರ ಉಳಿಯಿತು.

ಗೋಡೆಗಳ ಕಲ್ಲು ಆ ಸೀಮೆಯಲ್ಲಿ ಹೇರಳವಾಗಿ ದೊರೆಯುವ ಚಕಮಕಿ ಕಲ್ಲು. ಅದನ್ನು ಸೀಳಿ, ಹೊಳೆಯುವ ಕಪ್ಪು ಮುಖವನ್ನು ಹೊರಗಿಟ್ಟು, ನಡುವೆ ಬಿಳಿಯ ಕಲ್ಲನ್ನು ಹೊಂದಿಸಿ ಚಿತ್ತಾರ ಮಾಡಿದ್ದಾರೆ. ಮೇಲ್ಗೋಡೆಯಲ್ಲಿ ಒಂದೊಂದು ಪಕ್ಕಕ್ಕೂ ಹದಿನೆಂಟು ಕಿಟಕಿಗಳು. ಬಣ್ಣದ ಗಾಜು ಬಹುಮಟ್ಟಿಗೆ ನಾಶವಾಗಿರುವುದರಿಂದ ಕಡಲ ಕಡೆಯ ಬೆಳಕು ತಡೆಯಿಲ್ಲದೆ ಒಳಕ್ಕೆ ಸುರಿಯುತ್ತದೆ. ಪೀಠಗಳ ತುದಿಗಳಲ್ಲಿ ಮನುಷ್ಯನ ಪಾಪಗಳ ಮರದ ಕೆತ್ತನೆಗಳಿವೆ. ಸೋಮಾರಿ ಹಾಸಿಗೆಯಲ್ಲಿಯೇ ಇದ್ದಾನೆ, ಹೊಟ್ಟೆಬಾಕ ಹೊಟ್ಟೆ ಹಿಡಿದುಕೊಂಡಿದ್ದಾನೆ. ಉಪದೇಶ ಕೇಳಲು ಬಂದವರು ಇವರ ಪಕ್ಕದಲ್ಲಿಯೇ ಕುಳಿತುಕೊಳ್ಳಬೇಕು!

ಕಣ್ಣೆತ್ತಿದರೆ ಚಾವಣಿಯ ನಡುತೊಲೆಯಲ್ಲಿ ರೆಕ್ಕೆ ಬಿಚ್ಚಿದ ಮರದ ದೇವದೂತರು. ಹಿಂದೆ ಬಳಿದ ಬಣ್ಣ ಇನ್ನೂ ಮಸುಕಾಗಿ ಉಳಿದಿದೆ. ಅವರ ಮೈಯಲ್ಲಿ ಗುಂಡಿನ ಗಾಯಗಳೂ ಇವೆ.

ಗುಂಡು ಹಾರಿಸಿದವರು ಯಾರು? ಬಹುಕಾಲ ಎಲ್ಲರೂ ಒಂದೇ ಉತ್ತರ ಹೇಳುತ್ತಿದ್ದರು: ಕ್ರಾಮ್‌ವೆಲ್ಲನ ಕಡೆಯ ಪ್ಯೂರಿಟನ್ ಸೈನಿಕರು. ಆ ಮಾತಿಗೆ ಆಧಾರವೂ ಇದ್ದಂತೆ ತೋರುತ್ತಿತ್ತು. 1644ರ ಏಪ್ರಿಲ್ 9ರಂದು ವಿಲಿಯಂ ಡೌಸಿಂಗ್ ಎಂಬ ವಿಗ್ರಹಭಂಜಕ ಅಧಿಕಾರಿ ಇಲ್ಲಿಗೆ ಬಂದು, ದೇವದೂತರ ಇಪ್ಪತ್ತು ಪ್ರತಿಮೆಗಳನ್ನು ಇಳಿಸಬೇಕೆಂದೂ, ಇನ್ನೂರಕ್ಕೆ ಮಿಕ್ಕ ಚಿತ್ರಗಳನ್ನು ಎಂಟು ದಿನಗಳೊಳಗೆ ತೆಗೆಯಬೇಕೆಂದೂ ವಿಧಿಸಿದುದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆದರೂ ಚಾವಣಿಯ ದೇವದೂತರು ಇಳಿಯಲಿಲ್ಲ. ಆಜ್ಞೆ ಹೊರಡಿಸುವುದು ಸುಲಭ. ಅಷ್ಟೆತ್ತರಕ್ಕೆ ಏಣಿ ಹಾಕಿ ಹತ್ತುವವರು ಬೇಕಲ್ಲ.

1974ರಲ್ಲಿ ಚಾವಣಿಯ ಜೀರ್ಣೋದ್ಧಾರ ನಡೆದಾಗ ಮರದಲ್ಲಿ ಹುದುಗಿದ್ದ ಸೀಸದ ಗುಂಡುಗಳು ಕೈಗೆ ಸಿಕ್ಕಿದುವು. ಅವು ಪ್ಯೂರಿಟನ್ನರ ಕಾಲದವಲ್ಲ, 18ನೆಯ ಶತಮಾನದವು. ಆ ಶತಮಾನದ ಚರ್ಚಿನ ಲೆಕ್ಕದ ಪುಸ್ತಕದಲ್ಲಿ ಜಾಕ್‌ಡಾ ಹಕ್ಕಿಗಳನ್ನು ಹೊಡೆಯಲು ಮದ್ದುಗುಂಡಿಗೆಂದು ಕೊಟ್ಟ ಹಣದ ಖರ್ಚೂ ಬರೆದಿದೆ. ಜಾಕ್‌ಡಾ ಎಂದರೆ ಕಾಗೆಯ ಕುಲದ ಸಣ್ಣ ಹಕ್ಕಿ. ಹಳೆಯ ಕಟ್ಟಡಗಳಲ್ಲಿ ಗೂಡು ಕಟ್ಟುವುದರಲ್ಲಿ ಗಟ್ಟಿಗ. ದೇವದೂತರನ್ನು ಗಾಯಗೊಳಿಸಿದವರು ಶತ್ರುಗಳಲ್ಲ, ಅದೇ ಚರ್ಚಿನ ಭಕ್ತರು. ಗುರಿ ಇಟ್ಟಿದ್ದು ಹಕ್ಕಿಗೆ.

ಉತ್ತರದ ಬಾಗಿಲಿಗೂ ಇಂತಹುದೇ ಒಂದು ಕಥೆಯುಂಟು. 1577ರ ಆಗಸ್ಟ್ 4ರಂದು, ಜನ ಆರಾಧನೆಯಲ್ಲಿದ್ದಾಗ, ಭಯಂಕರ ಸಿಡಿಲು ಬಡಿದು ಗೋಪುರದ ಶಿಖರ ಕುಸಿಯಿತು. ಒಳಗಿದ್ದವರಲ್ಲಿ ಕೆಲವರು ಸತ್ತರು. ಬಂದದ್ದು ಕಪ್ಪು ನಾಯಿಯ ರೂಪದ ಪಿಶಾಚಿಯೆಂದೂ, ಬಾಗಿಲ ಮೇಲಿನ ಸುಟ್ಟ ಗುರುತುಗಳು ಅದರ ಉಗುರಿನವೆಂದೂ ಪ್ರತೀತಿ. ಆದರೆ ದೀಪದ ಜ್ವಾಲೆಯಿಂದ ಬೇಕೆಂದೇ ಮರವನ್ನು ಸುಟ್ಟ ಇಂತಹ ಗುರುತುಗಳು ಇಂಗ್ಲೆಂಡಿನ ಎಷ್ಟೋ ಹಳೆಯ ಕಟ್ಟಡಗಳಲ್ಲಿವೆ. ಅವು ಕೇಡನ್ನು ದೂರವಿಡಲು ಮಾಡಿದವೆಂದು ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಅದು ನಿಜವಾದರೆ, ಪಿಶಾಚಿಯನ್ನು ತಡೆಯಲು ಹಾಕಿದ ರಕ್ಷೆಯೇ ಪಿಶಾಚಿಯ ಗುರುತಾಗಿ ಹೋಯಿತು.

ಪಿಶಾಚಿಗಿಂತಲೂ ಸೈನಿಕರಿಗಿಂತಲೂ ಹೆಚ್ಚು ಹಾನಿ ಮಾಡಿದ್ದು ಬಡತನ. 19ನೆಯ ಶತಮಾನದಲ್ಲಿ ಚಾವಣಿ ಸೋರಿ, ಮಳೆಯ ದಿನ ಜನರು ಒಳಗೂ ಕೊಡೆ ಹಿಡಿದು ಕೂರಬೇಕಾಯಿತು. ಕಟ್ಟಡ ಅಪಾಯಕರವೆಂದು 1881ರಲ್ಲಿ ಬಿಷಪ್ಪರು ಅದನ್ನು ಮುಚ್ಚಿಸಿದರು. ಆಗ ಹೊಸದೊಂದು ಗಂಡಾಂತರ ಬಂದಿತು. ಹಳೆಯ ಚರ್ಚುಗಳನ್ನು ಕೆರೆದು, ಹೊಳಪು ಕೊಟ್ಟು, ‘ಸರಿಪಡಿಸುವ’ ಹುಚ್ಚು ಆ ಕಾಲದಲ್ಲಿ ಪ್ರಬಲವಾಗಿತ್ತು. 1877ರಲ್ಲಿ ಕವಿ ವಿಲಿಯಂ ಮಾರಿಸ್ ಮತ್ತು ಅವನ ಸ್ನೇಹಿತರು ಸ್ಥಾಪಿಸಿದ್ದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಇದನ್ನು ವಿರೋಧಿಸಿತು: ಸೋರುವುದನ್ನು ನಿಲ್ಲಿಸಿ, ಬೀಳುವುದಕ್ಕೆ ಆಸರೆ ಕೊಡಿ, ಹಳೆಯದನ್ನು ಹೊಸದಾಗಿಸಬೇಡಿ ಎಂಬುದು ಅದರ ವಾದ. ಸೋರುವ ಸೂರಿನ ಕೆಳಗೆ ಕುಳಿತಿದ್ದ ಊರಿನವರಿಗೆ ಲಂಡನ್ನಿನವರ ಈ ಸಲಹೆ ರುಚಿಸದಿದ್ದರೆ ಆಶ್ಚರ್ಯವಿಲ್ಲ. 1884ರಲ್ಲಿ ಚರ್ಚು ಮತ್ತೆ ತೆರೆಯಿತು. ಸಂಘದ ಒತ್ತಾಯವೂ ಹಣದ ಅಭಾವವೂ ಕೂಡಿ ಹಳೆಯ ಮರ, ಮಾಸಿದ ಬಣ್ಣ ಬಹುಪಾಲು ಹಾಗೆಯೇ ಉಳಿದುವು.

1969ರ ಜೂನಿನಲ್ಲಿ ಹತ್ತಿರದ ಸ್ನೇಪ್ ಎಂಬಲ್ಲಿನ ಸಂಗೀತ ಮಂದಿರ ಬೆಂಕಿಗೆ ಆಹುತಿಯಾದಾಗ, ಸಂಗೀತಗಾರ ಬೆಂಜಮಿನ್ ಬ್ರಿಟನ್ನನ ಉತ್ಸವಕ್ಕೆ ಈ ಚರ್ಚು ಆಶ್ರಯ ಕೊಟ್ಟಿತು. ಮೋಟ್ಸಾರ್ಟನ ಸಂಗೀತ ನಾಟಕವನ್ನು ಇಲ್ಲಿಯೇ ಹಾಡಿದರು. ಜಾಕ್‌ಡಾಗಳಿಗೆಂದು ಹಾರಿಸಿದ ಗುಂಡುಗಳು ಆಗಲೂ ಮೇಲಿನ ಚಾವಣಿಯಲ್ಲಿಯೇ ಇದ್ದುವು. ಅವು ಕೆಳಗಿಳಿದು ಸಾಕ್ಷಿ ಹೇಳುವುದಕ್ಕೆ ಇನ್ನೂ ಐದು ವರ್ಷಗಳಿದ್ದುವು.