ವಿಶ್ರಾಂತಿಯ ಹೆಸರಿನಲ್ಲಿ ಹಿರಿಯರನ್ನು ಅಶಕ್ತರನ್ನಾಗಿಸುತ್ತಿದ್ದೇವೆಯೇ?

ರೋಣ, ನರಗುಂದ, ಗಜೇಂದ್ರಗಡದ ಮಸೀದಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಬದಲಾವಣೆ ಎದ್ದು ಕಾಣುತ್ತಿದೆ. ಸಾಲಿನ ತುದಿಯಲ್ಲಿ ಹಿಂದೆ ಒಂದೋ ಎರಡೋ ಇರುತ್ತಿದ್ದ ಕುರ್ಚಿಗಳು ಹೆಚ್ಚುತ್ತಲೇ ಇವೆ. ಅವುಗಳಲ್ಲಿ ಕುಳಿತವರೆಲ್ಲ ಎಂಬತ್ತು ದಾಟಿದ ವೃದ್ಧರಲ್ಲ; ಐವತ್ತೈದು, ಅರವತ್ತರ ಆಸುಪಾಸಿನವರೂ ಇದ್ದಾರೆ. ನಿಲ್ಲಲಾಗದವರು ಕುಳಿತು ನಮಾಝ್ ನಿರ್ವಹಿಸುವ ರಿಯಾಯಿತಿಯನ್ನು ಧರ್ಮವೇ ನೀಡಿರುವಾಗ ಅವರನ್ನು ಆಕ್ಷೇಪಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕಾಗಿದೆ. ನೆಲದಿಂದ ಎದ್ದು ನಿಲ್ಲುವ ಶಕ್ತಿ ನಮ್ಮ ಹಿರಿಯರ ಮೊಣಕಾಲುಗಳಿಂದ ಇಷ್ಟು ಬೇಗನೆ ಎಲ್ಲಿಗೆ ಹೋಯಿತು? ಮಸೀದಿಗೆ ಬರುವವರದ್ದಾದರೂ ಕಣ್ಣಿಗೆ ಕಾಣುತ್ತದೆ. ಮನೆಯೊಳಗೆ ಇದೇ ಸ್ಥಿತಿಯಲ್ಲಿರುವ ತಾಯಂದಿರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

'ವಯಸ್ಸಾಯಿತು, ಏನು ಮಾಡುವುದು?' ಎಂಬುದು ಈ ಪ್ರಶ್ನೆಗೆ ಸಿದ್ಧವಾಗಿರುವ ಉತ್ತರ. ಈ ಉತ್ತರದಲ್ಲಿ ಅರ್ಧ ಸತ್ಯ ಮಾತ್ರ ಇದೆಯೆಂಬುದನ್ನು ಕಳೆದ ಎಪ್ಪತ್ತು ವರ್ಷಗಳ ಸಂಶೋಧನೆಗಳು ತೋರಿಸಿಕೊಟ್ಟಿವೆ.

1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಲಂಡನ್ನಿನ ಬಸ್ ನೌಕರರ ಕುರಿತ ಒಂದು ಅಧ್ಯಯನವನ್ನು ಪ್ರಕಟಿಸಿದರು. ಒಂದೇ ಸಂಸ್ಥೆ, ಒಂದೇ ಬಗೆಯ ಬದುಕು, ಹೆಚ್ಚುಕಡಿಮೆ ಒಂದೇ ಸಂಬಳ. ಹಾಗಿದ್ದೂ ದಿನವಿಡೀ ಕುಳಿತು ಬಸ್ ಓಡಿಸುವ ಚಾಲಕರಲ್ಲಿ ಹೃದಯಾಘಾತ ಹೆಚ್ಚು, ಎರಡಂತಸ್ತಿನ ಬಸ್ಸಿನಲ್ಲಿ ದಿನಕ್ಕೆ ಐನೂರರಿಂದ ಏಳುನೂರೈವತ್ತು ಮೆಟ್ಟಿಲುಗಳನ್ನು ಹತ್ತುತ್ತಿದ್ದ ನಿರ್ವಾಹಕರಲ್ಲಿ ಕಡಿಮೆ. ಮೊದಲೇ ದಪ್ಪಗಿದ್ದವರು ಚಾಲಕರ ಕೆಲಸವನ್ನು ಆರಿಸಿಕೊಂಡಿರಬಹುದಲ್ಲವೇ ಎಂಬ ಆಕ್ಷೇಪ ಸಹಜ. ಮಾರಿಸ್ ಅದನ್ನೂ ಬಿಡಲಿಲ್ಲ. ನೌಕರರಿಗೆ ಕೊಟ್ಟ ಸಮವಸ್ತ್ರಗಳ ಅಳತೆಯ ದಾಖಲೆಗಳನ್ನು ತೆಗೆಸಿ ನೋಡಿದರು. ಚಾಲಕರ ಸೊಂಟದಳತೆ ಹೆಚ್ಚಾಗಿಯೇ ಇತ್ತು. ಅದನ್ನು ಮುಚ್ಚಿಡದೆ 1956ರಲ್ಲಿ ತಾವೇ ಪ್ರಕಟಿಸಿದರು. ಅಂಚೆ ಹಂಚುವವರನ್ನೂ ಅಂಚೆ ಕಚೇರಿಯಲ್ಲಿ ಕುಳಿತು ದುಡಿಯುವವರನ್ನೂ ಹೋಲಿಸಿದಾಗ ಕಂಡದ್ದೂ ಇದೇ ಬಗೆಯ ಅಂತರ. ಅಲ್ಲಿಂದೀಚೆಗೆ ಹಲವು ದೇಶಗಳಲ್ಲಿ ಲಕ್ಷಾಂತರ ಮಂದಿಯನ್ನು ವರ್ಷಗಟ್ಟಲೆ ಗಮನಿಸಲಾಗಿದೆ. ಮೈ ಅಲುಗಿಸದ ಬದುಕು ಹೃದ್ರೋಗ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಮತ್ತು ಕೆಲವು ಬಗೆಯ ಕ್ಯಾನ್ಸರ್‌ಗಳಿಗೆ ದಾರಿ ಮಾಡಿಕೊಡುತ್ತದೆ ಎಂಬುದರಲ್ಲಿ ಇಂದು ತಜ್ಞರೊಳಗೆ ಭಿನ್ನಾಭಿಪ್ರಾಯವಿಲ್ಲ. ಮರೆಗುಳಿತನಕ್ಕೆ ಕಾರಣವಾಗುವ, ಆದರೆ ತಡೆಯಲು ಸಾಧ್ಯವಿರುವ ಹದಿನಾಲ್ಕು ಅಂಶಗಳನ್ನು 'ಲ್ಯಾನ್ಸೆಟ್' ವೈದ್ಯಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಪಟ್ಟಿ ಮಾಡಿತು. ಅವುಗಳಲ್ಲಿ ಇದೂ ಒಂದು. ನಮ್ಮ ರಾಜ್ಯದಲ್ಲೇ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ, ನಲ್ವತ್ತೈದು ದಾಟಿದ ಗ್ರಾಮೀಣರ ಮಿದುಳಿನ ಆರೋಗ್ಯವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ವರ್ಷವರ್ಷವೂ ಪರೀಕ್ಷಿಸುತ್ತಾ ಬಂದಿದೆ. ವೃದ್ಧಾಪ್ಯವೆಂಬುದು ಈಗ ಶ್ರೀಮಂತ ದೇಶಗಳ ಚಿಂತೆಯಾಗಿ ಮಾತ್ರ ಉಳಿದಿಲ್ಲ.

ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಬೇರೆ ಮೂರು ಪ್ರಯೋಗಗಳು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಇಪ್ಪತ್ತು ದಿನ ಹಾಸಿಗೆಯಿಂದ ಏಳದಂತೆ ಮಲಗಿಸಲಾಯಿತು. ಮೂವತ್ತು ವರ್ಷಗಳ ಬಳಿಕ, ಅವರು ಐವತ್ತರ ಗಂಡಸರಾಗಿದ್ದಾಗ, ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷಗಳ ವಯಸ್ಸು ಅವರ ದೈಹಿಕ ಸಾಮರ್ಥ್ಯವನ್ನು ಎಷ್ಟು ಕುಗ್ಗಿಸಿತ್ತೋ ಅದಕ್ಕಿಂತ ಹೆಚ್ಚಿನ ಹಾನಿಯನ್ನು ಅಂದಿನ ಇಪ್ಪತ್ತು ದಿನಗಳ ಹಾಸಿಗೆ ಮಾಡಿತ್ತು! ಐವರೇ ಆದ್ದರಿಂದ ಇದನ್ನೇ ಅಂತಿಮ ಪ್ರಮಾಣವೆನ್ನಲಾಗದು. ಆದರೂ ಜ್ವರ ಬಂದ ತಾಯಿಯನ್ನು ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಮಂಚದ ಮೇಲೆಯೇ ಇರಿಸುವ ನಮ್ಮ ಮನೆಗಳು ಇದನ್ನು ತಿಳಿದಿರಬೇಕು.

ಎರಡನೆಯದು ಬ್ರೆಜಿಲ್ ದೇಶದ್ದು. ಐವತ್ತೊಂದರಿಂದ ಎಂಬತ್ತರ ವಯಸ್ಸಿನ ಎರಡು ಸಾವಿರ ಮಂದಿಗೆ ಅಲ್ಲಿನ ವೈದ್ಯರು ಕೊಟ್ಟ ಪರೀಕ್ಷೆ ಬಹಳ ಸರಳ. ನೆಲದ ಮೇಲೆ ಕುಳಿತುಕೊಳ್ಳಿ, ಸಾಧ್ಯವಾದಷ್ಟು ಆಸರೆಯಿಲ್ಲದೆ ಎದ್ದು ನಿಲ್ಲಿ. ಕೈ ಊರಿದರೆ, ಮೊಣಕಾಲು ಹಿಡಿದರೆ ಅಂಕ ಕಡಿತ. ಸರಾಸರಿ ಆರು ವರ್ಷ ಅವರನ್ನು ಗಮನಿಸಲಾಯಿತು. ತೀರಾ ಕಡಿಮೆ ಅಂಕ ಪಡೆದವರಲ್ಲಿ ಸಾವಿನ ಸಂಭವ, ಚೆನ್ನಾಗಿ ಎದ್ದು ನಿಂತವರಿಗಿಂತ ಐದಾರು ಪಟ್ಟು ಹೆಚ್ಚಿತ್ತು. ಏಳಲಾಗದಿರುವುದೇ ಸಾವಿಗೆ ಕಾರಣ ಎಂದಲ್ಲ. ಕಾಲಿನ ಬಲ, ಸಮತೋಲನ, ಕೀಲುಗಳ ಬಾಗುವಿಕೆ ಇವೆಲ್ಲದರ ಲೆಕ್ಕ ಆ ಒಂದು ಏಳುವಿಕೆಯಲ್ಲಿ ದೊರೆಯುತ್ತದೆ. ಸಜ್ದಾದಿಂದ ಕಿಯಾಮ್‌ಗೆ ಏಳುವಾಗ ಪ್ರತಿದಿನ ಈ ಪರೀಕ್ಷೆಗೆ ಒಳಗಾಗುವ ಸಮುದಾಯ ನಮ್ಮದು. ಕುರ್ಚಿಗಳ ಸಂಖ್ಯೆ ನಮ್ಮನ್ನು ಚಿಂತೆಗೀಡುಮಾಡಿದ್ದು ಈ ಕಾರಣದಿಂದ.

ಮೂರನೆಯದು ಭರವಸೆಯದು. 1990ರಲ್ಲಿ ಬೋಸ್ಟನ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲ ಹಿರಿಯರಿಗೆ ಎಂಟು ವಾರ ಕಾಲಿನ ಬಲದ ವ್ಯಾಯಾಮ ಮಾಡಿಸಲಾಯಿತು. ಕಾಲಿನ ಸ್ನಾಯುಗಳ ಶಕ್ತಿ ಎರಡೂವರೆ ಪಟ್ಟಿಗೂ ಮಿಕ್ಕಿ ಹೆಚ್ಚಿತು. ಇಬ್ಬರು ಊರುಗೋಲನ್ನು ಬದಿಗಿಟ್ಟು ನಡೆದರು. ತೊಂಬತ್ತರ ದೇಹವೇ ಹೀಗೆ ಸ್ಪಂದಿಸುವುದಾದರೆ ಅರವತ್ತಕ್ಕೆ ಕೈಚೆಲ್ಲುವುದಕ್ಕೆ ಯಾವ ಸಮರ್ಥನೆಯಿದೆ?

ದುರದೃಷ್ಟವಶಾತ್ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ವೃದ್ಧ ಮಾತಾಪಿತರ ಸೇವೆಯನ್ನು ಕುರ್‌ಆನ್ ಎಷ್ಟು ಒತ್ತಿ ಹೇಳಿದೆಯೆಂಬುದು ನಮಗೆಲ್ಲ ಗೊತ್ತು. ಆದರೆ ಆ ಸೇವೆಯನ್ನು ನಾವು ಹೇಗೆ ಅರ್ಥೈಸಿಕೊಂಡಿದ್ದೇವೆ? 'ಅಬ್ಬಾ, ನೀವು ಏಳಬೇಡಿ, ನೀರು ನಾವೇ ತರುತ್ತೇವೆ.' 'ಅಮ್ಮಾ, ನೀವು ಕುಳಿತಿರಿ, ಸಂತೆಗೆ ಸೊಸೆ ಹೋಗುತ್ತಾಳೆ.' ಐದು ನಿಮಿಷದ ದಾರಿಯ ಮಸೀದಿಗೂ ಮಗ ಬೈಕಿನಲ್ಲಿ ಬಿಟ್ಟುಬರುತ್ತಾನೆ. ಓಣಿಯವರು ಇದನ್ನು ಕಂಡು ಮಗನನ್ನು ಹೊಗಳುತ್ತಾರೆ. ಪ್ರೀತಿಯಿಂದಲೇ ಮಾಡುವ ಈ ಉಪಚಾರ ಹಿರಿಯರಿಂದ ದಿನದಿನವೂ ಒಂದೊಂದು ಸಾಮರ್ಥ್ಯವನ್ನು ಕಸಿದುಕೊಳ್ಳುತ್ತಿದೆ. ನೀರು ತಂದುಕೊಡುವುದಕ್ಕಿಂತ ಅವರೊಂದಿಗೆ ಅರ್ಧ ಗಂಟೆ ನಡೆಯುವುದು ಕಷ್ಟದ ಸೇವೆ. ಅದಕ್ಕೆ ಮಗನ ಸಮಯ ಬೇಕು.

ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ಹಾಡಿ ಹೊಗಳುವ ಉದ್ದೇಶ ನಮಗಿಲ್ಲ. ಪಿಂಜಾರರ ಕೈಯ ಕಮಾನಿನ ಜಾಗಕ್ಕೆ ಹತ್ತಿ ಹಿಂಜುವ ಯಂತ್ರ ಬಂದಿದೆ. ಗಜೇಂದ್ರಗಡದ ನೇಕಾರರ ಓಣಿಗಳಲ್ಲಿ ಮಗ್ಗದ ಸದ್ದು ಮೊದಲಿನಂತಿಲ್ಲ. ಬೀಸುವ ಕಲ್ಲು ಮೂಲೆ ಸೇರಿದೆ, ಕೊಡ ಹೊತ್ತು ನಡೆಯುವ ದೂರ ಕಡಿಮೆಯಾಗಿದೆ. ಇವುಗಳಿಂದ ನಮ್ಮ ಅಜ್ಜಿಯರು ಗಟ್ಟಿಯಾಗಿದ್ದರು ಎನ್ನುವವರು ಅದೇ ದುಡಿಮೆಯಿಂದ ಬಾಗಿದ ಬೆನ್ನುಗಳನ್ನೂ ಹತ್ತಿಯ ಧೂಳು ಕುಡಿದ ಎದೆಗಳನ್ನೂ ನೆನಪಿಡಬೇಕು. ಹೊಟ್ಟೆಪಾಡಿನ ವಿಪರೀತ ದುಡಿಮೆ ಆರೋಗ್ಯಕ್ಕೆ ವಿರಾಮದ ನಡಿಗೆಯಂತೆ ನೆರವಾಗುವುದಿಲ್ಲವೆಂದು ಇತ್ತೀಚಿನ ಅಧ್ಯಯನಗಳೂ ಹೇಳುತ್ತಿವೆ. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿಗೆ ಬೆಳಗಿನ ವಾಯುವಿಹಾರದ ಉಪದೇಶ ನೀಡುವುದು ಕ್ರೌರ್ಯವೇ ಸರಿ. ಅವನಿಗೆ ಬೇಕಾದುದು ನ್ಯಾಯವಾದ ಕೂಲಿ ಮತ್ತು ನಿಜವಾದ ವಿಶ್ರಾಂತಿ. ನಾವಿಲ್ಲಿ ಮಾತನಾಡುತ್ತಿರುವುದು ಅಂಗಡಿಯ ಗಲ್ಲದ ಮೇಲೆ, ಹೊಲಿಗೆ ಯಂತ್ರದ ಮುಂದೆ, ಟಿವಿಯ ಎದುರು ದಿನ ಕಳೆಯುವ ಪಟ್ಟಣದ ಕುಟುಂಬಗಳ ಕುರಿತು.

ಅಂಕಿ ಅಂಶಗಳು ಏನು ಹೇಳುತ್ತವೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಪ್ರಕಾರ (2023) ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆಯಿದೆ, ಶೇ. 15.3 ಮಂದಿ ಅದರ ಹೊಸ್ತಿಲಲ್ಲಿದ್ದಾರೆ, ಮೂರರಲ್ಲೊಬ್ಬರಿಗೂ ಮಿಕ್ಕಿ ರಕ್ತದೊತ್ತಡವಿದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದ ಪುರುಷರಲ್ಲಿ ಶೇ. 42, ಮಹಿಳೆಯರಲ್ಲಿ ಶೇ. 57 ಮಂದಿ ಅಗತ್ಯವಿರುವಷ್ಟು ಮೈ ದಂಡಿಸುವುದಿಲ್ಲ. ಇನ್ನು ಪರಿಹಾರದ ಮಾತು. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಐನೂರಕ್ಕೂ ಹೆಚ್ಚು ಮಂದಿಯನ್ನು ಮೂರು ವರ್ಷ ಗಮನಿಸಲಾಗಿತ್ತು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಶೇ. 55 ಮಂದಿ ರೋಗಿಗಳಾದರು. ಆಹಾರವನ್ನು ತಿದ್ದಿಕೊಂಡು ನಡಿಗೆಯನ್ನು ರೂಢಿಸಿಕೊಂಡವರಲ್ಲಿ ಶೇ. 39. ಮಾತ್ರೆ ನುಂಗಿದವರಲ್ಲಿಯೂ ಸುಮಾರು ಅಷ್ಟೇ, ಶೇ. 40. ಅಂದರೆ ದುಡ್ಡು ಕೊಟ್ಟು ತರುವ ಮಾತ್ರೆ ನೀಡಿದಷ್ಟೇ ರಕ್ಷಣೆಯನ್ನು ತಟ್ಟೆಯ ಹಿಡಿತ ಮತ್ತು ಕಾಲ್ನಡಿಗೆ ನೀಡಿದವು. ಆಸ್ಪತ್ರೆಯ ಬಿಲ್ಲಿಗಾಗಿ ಚಿನ್ನ ಅಡವಿಡುವ ಕುಟುಂಬಗಳಿಗೆ ಇದು ಸಣ್ಣ ಸುದ್ದಿಯೇನಲ್ಲ.

ಎಷ್ಟು ನಡೆಯಬೇಕು? ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ವಾರದ ಐದು ದಿನ ಅರ್ಧರ್ಧ ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಮಾತನಾಡಲು ಸಾಧ್ಯವಾಗುವಷ್ಟು, ಆದರೆ ಏದುಸಿರು ಸ್ವಲ್ಪ ಗೊತ್ತಾಗುವಷ್ಟು ವೇಗ ಸಾಕು. ಅರವತ್ತೈದು ದಾಟಿದವರು ಇದರೊಂದಿಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕು. ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಕೈಯಾಸರೆಯಿಲ್ಲದೆ ಕುರ್ಚಿಯಿಂದ ಹತ್ತು ಸಲ ಏಳುವುದು ಇತ್ಯಾದಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ಜನಪ್ರಿಯ ಲೆಕ್ಕ ಹುಟ್ಟಿದ್ದು 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ. ಅರವತ್ತು ದಾಟಿದವರಿಗೆ ಆರರಿಂದ ಎಂಟು ಸಾವಿರ ಹೆಜ್ಜೆಗಳಲ್ಲಿಯೇ ಬಹುಪಾಲು ಪ್ರಯೋಜನ ಸಿಗುತ್ತದೆಂದು 2022ರ ಸಂಶೋಧನೆ ತಿಳಿಸುತ್ತದೆ. ಹೃದ್ರೋಗ, ಎದೆನೋವು, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕಂಡು ಆರಂಭಿಸಬೇಕು.

ಐದು ಹೊತ್ತಿನ ನಮಾಝ್ ಇರುವಾಗ ಬೇರೆ ವ್ಯಾಯಾಮವೇಕೆ ಎಂದು ಕೇಳುವವರಿದ್ದಾರೆ. ನಮಾಝ್‌ನಲ್ಲಿ ದೇಹ ಬಾಗಿ ಏಳುತ್ತದೆ, ನಿಜ. ಆದರೆ ನಮಾಝ್ ಇಬಾದತ್, ಅದನ್ನು ವ್ಯಾಯಾಮದ ಪಟ್ಟಿಗೆ ಸೇರಿಸುವುದರಿಂದ ಅದರ ಘನತೆಯೇನೂ ಹೆಚ್ಚುವುದಿಲ್ಲ. ಮಸೀದಿಗೆ ಕಾಲ್ನಡಿಗೆಯಲ್ಲಿ ಹೋಗುವ ಪ್ರತಿ ಹೆಜ್ಜೆಗೂ ಪುಣ್ಯವಿದೆಯೆಂದು ಖುತ್ಬಾಗಳಲ್ಲಿ ಕೇಳಿದವರು ಬೈಕನ್ನು ಮಸೀದಿಯ ಬಾಗಿಲಿಗೇ ತಂದು ನಿಲ್ಲಿಸುವುದೇಕೆ? ಹಜ್ಜ್ ಯಾತ್ರೆಯ ಉದಾಹರಣೆಯೂ ನಮ್ಮ ಮುಂದಿದೆ. ಸಫಾ ಮತ್ತು ಮರ್ವಾ ನಡುವಿನ ಏಳು ಸುತ್ತಿನ ನಡಿಗೆಯೊಂದೇ ಮೂರು ಕಿಲೋಮೀಟರನ್ನು ಮೀರುತ್ತದೆ. ಹಜ್ಜ್‌ಗೆ ಆಯ್ಕೆಯಾದ ಹಿರಿಯ ದಂಪತಿಗಳು ತಿಂಗಳುಗಳ ಮೊದಲೇ ನಡಿಗೆ ಆರಂಭಿಸುತ್ತಾರೆ, ಆಗ ಯಾರೂ ಅವರನ್ನು ಬೆರಗಿನಿಂದ ನೋಡುವುದಿಲ್ಲ. ಹಿಂದಿರುಗಿದ ಮೇಲೆ ಅದೇ ಕಾಲುಗಳು ಮತ್ತೆ ಮಂಚ ಸೇರುತ್ತವೆ.

ಆ ಏಳು ಸುತ್ತಿನ ನಡಿಗೆ ಓರ್ವ ತಾಯಿಯ, ಹಾಜರಾರ ಓಟದ ಸ್ಮರಣೆ. ಪ್ರವಾದಿ(ಸ)ರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದು ಹದೀಸ್ ಗ್ರಂಥಗಳಲ್ಲಿದೆ. ಹೀಗಿರುವಾಗ ಐವತ್ತರ ಮಹಿಳೆಯೊಬ್ಬಳು ಬುರ್ಖಾ ಧರಿಸಿ ಬೆಳಿಗ್ಗೆ ರಸ್ತೆಯಲ್ಲಿ ನಡೆದರೆ 'ಎಲ್ಲಿಗೆ ಹೊರಟಿದ್ದಾಳೆ?' ಎಂದು ಕಿಟಕಿಗಳು ತೆರೆದುಕೊಳ್ಳುವುದು ಯಾವ ಧರ್ಮದ ಆದೇಶ? ಮನೆಗೆಲಸವೇ ಸಾಕೆಂಬ ವಾದವನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. ಮೈ ಬಗ್ಗಿಸಿ ಮಾಡುವ ಕೆಲಸ ಲೆಕ್ಕಕ್ಕೆ ಬರುತ್ತದೆ. ಆದರೆ ಮಿಕ್ಸರ್, ಗ್ಯಾಸು, ನಲ್ಲಿ ಬಂದ ಮೇಲೆ ಉಳಿದದ್ದು ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವುದು ಮಾತ್ರ. ಅದು ಮೊಣಕಾಲನ್ನು ಸವೆಸುತ್ತದೆಯೇ ಹೊರತು ಎದೆಗೆ ಬಲ ತುಂಬುವುದಿಲ್ಲ.

ತಡೆ ನಾಲಿಗೆಗಳದ್ದು ಮಾತ್ರವಲ್ಲ. ನಸುಕಿನಲ್ಲಿ ಬೀದಿದೀಪವಿಲ್ಲದ ಓಣಿ, ಬೀದಿನಾಯಿಗಳ ಹಿಂಡು, ಕಾಲುದಾರಿಯಿಲ್ಲದ ರಸ್ತೆಯಲ್ಲಿ ಮೈಮೇಲೆ ಬರುವ ಟ್ರ್ಯಾಕ್ಟರು, ಇವನ್ನು ದಾಟಿ ನಡೆಯಿರಿ ಎಂದು ಅರವತ್ತರ ತಾಯಿಗೆ ಹೇಳುವುದು ಸುಲಭವಲ್ಲ. ನರಗುಂದ, ಗಜೇಂದ್ರಗಡಗಳಿಗೆ ಊರಿಗೆ ತಾಗಿಯೇ ಗುಡ್ಡವಿದೆ, ಯುವಕರು ಹತ್ತಬಹುದು. ವೃದ್ಧರಿಗೆ ಬೇಕಾದುದು ಸಮತಟ್ಟಾದ, ಬೆಳಕಿರುವ, ಕುಳಿತು ಸುಧಾರಿಸಿಕೊಳ್ಳಲು ಒಂದು ಕಟ್ಟೆಯಿರುವ ಜಾಗ. ಚುನಾವಣೆ ಬಂದಾಗ ನಮ್ಮ ಓಣಿಗಳಿಗೆ ಬರುವವರಿಂದ ಶಾದಿಮಹಲ್, ಕಬರಸ್ಥಾನದ ಕಂಪೌಂಡು ಕೇಳುತ್ತೇವೆ. ಬದುಕಿರುವವರು ನಡೆದಾಡಲು ಜಾಗವನ್ನು ಎಂದಾದರೂ ಕೇಳಿದ್ದೇವೆಯೇ?

ಜಮಾಅತ್‌ಗಳು ತಕ್ಷಣ ಮಾಡಬಹುದಾದ ಕೆಲಸವಿದೆ. ಓಣಿಗೆ ಸಮೀಪದ ಸರಕಾರಿ ಶಾಲೆಯ ಮೈದಾನವನ್ನು ಶಾಲೆ ಆರಂಭವಾಗುವ ಮೊದಲು ಒಂದು ಗಂಟೆ ಮಹಿಳೆಯರಿಗೆ, ಸಂಜೆ ಒಂದು ಗಂಟೆ ಹಿರಿಯರಿಗೆ ತೆರೆದಿಡುವಂತೆ ಶಾಲಾ ಮೇಲುಸ್ತುವಾರಿ ಸಮಿತಿಯನ್ನು ಕೋರುವುದು. ಜಾತಿ ಧರ್ಮದ ಭೇದವಿಲ್ಲದೆ ಓಣಿಯ ಎಲ್ಲ ತಾಯಂದಿರಿಗೂ ಅದು ತೆರೆದಿರಲಿ. ಪಕ್ಕದ ಮನೆಯ ಲಿಂಗಾಯತ ತಾಯಿಯ ಮೊಣಕಾಲಿನ ನೋವೂ ಬೇರೆಯದೇನಲ್ಲ. ಮೂವತ್ತು ದಾಟಿದವರ ಸಕ್ಕರೆ ಮತ್ತು ರಕ್ತದೊತ್ತಡವನ್ನು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ತಪಾಸಿಸುವ ವ್ಯವಸ್ಥೆಯಿದೆ. ಆಶಾ ಕಾರ್ಯಕರ್ತೆಯರನ್ನು ಕರೆದು ತಿಂಗಳಿಗೊಮ್ಮೆ ಮದ್ರಸದ ಕೋಣೆಯಲ್ಲಿ ತಪಾಸಣೆ ಏರ್ಪಡಿಸಿದರೆ ಅದಕ್ಕೆ ಖರ್ಚಿಲ್ಲ. ಮೈದಾನಕ್ಕೆ ಎರಡು ದೀಪ, ಒಂದು ಶೌಚಾಲಯ ಮತ್ತು ಗೇಟಿನ ಬೀಗದ ಕೈ ಮಾತ್ರ ಪುರಸಭೆಯಿಂದ ಆಗಬೇಕಾದ ಕೆಲಸ. ಮೂರೂ ಊರುಗಳ ಸದಸ್ಯರು, ಯಾವ ಪಕ್ಷದವರೇ ಆಗಿರಲಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಇದನ್ನು ಲಿಖಿತವಾಗಿ ಮಂಡಿಸಬಹುದು. ಮಂಡಿಸಿದವರು ಯಾರು, ಸುಮ್ಮನಿದ್ದವರು ಯಾರು ಎಂಬುದನ್ನು ಆ ಸಭೆಯ ನಡಾವಳಿಯಿಂದಲೇ ನಾವು ತಿಳಿದುಕೊಳ್ಳಬಹುದು.