ಎರಡನೆಯ ಸಾಕ್ಷಿ

ಡಿಸೆಂಬರ್ ಕಾಲಿಟ್ಟಿತೆಂದರೆ ಬೆಂಗಳೂರಿನಿಂದ ದೆಹಲಿಗೆ ಹೊರಟ ಕರ್ನಾಟಕ ಎಕ್ಸ್‌ಪ್ರೆಸ್ ಝಾನ್ಸಿ ದಾಟಿದ ಮೇಲೆ ತೆವಳತೊಡಗುವುದು ಆ ದಾರಿಯಲ್ಲಿ ಓಡಾಡುವವರಿಗೆ ಹೊಸದೇನಲ್ಲ. ಉತ್ತರದ ಬಯಲಿನಲ್ಲಿ ಚಳಿಗಾಲದ ಮಂಜು ದಟ್ಟವಾಗಿ ಕವಿದರೆ ಕೂಗಳತೆಯಲ್ಲಿರುವ ಸಿಗ್ನಲ್ ಕೂಡ ಕಾಣುವುದಿಲ್ಲ. ಇದಕ್ಕೆ ರೈಲ್ವೆಯವರು ಬಹುಕಾಲದಿಂದ ಬಳಸುತ್ತ ಬಂದ ಉಪಾಯ ಪಟಾಕಿ. ಸಿಗ್ನಲ್‌ಗೆ ಸುಮಾರು 270 ಮೀಟರ್ ಮುಂಚೆ ಹಳಿಯ ಮೇಲೆ ಅದನ್ನು ಸಿಕ್ಕಿಸಿರುತ್ತಾರೆ. ಎಂಜಿನ್ನಿನ ಗಾಲಿ ಹರಿದೊಡನೆ ಢಮ್ಮೆನ್ನುತ್ತದೆ. ಸಿಗ್ನಲ್ ಬಂತು, ಕಣ್ಣು ಬಿಟ್ಟು ನೋಡು ಎಂದು ಲೋಕೋ ಪೈಲಟ್‌ಗೆ ಅರ್ಥವಾಗುತ್ತದೆ. ಈಗ ಎಂಜಿನ್ನಿನೊಳಗೇ ಜಿಪಿಎಸ್ ಆಧಾರಿತ ಫಾಗ್ ಸೇಫ್ಟಿ ಡಿವೈಸ್ ಬಂದಿದೆ. ಮುಂದಿನ ಸಿಗ್ನಲ್ ಎಷ್ಟು ದೂರದಲ್ಲಿದೆ ಎಂಬುದನ್ನು ಅದು ತೋರಿಸುತ್ತದೆ, ದನಿಯಲ್ಲೂ ಹೇಳುತ್ತದೆ. ಅದರ ಬಲದ ಮೇಲೆ ಮಂಜಿನಲ್ಲಿ ಓಡಬಹುದಾದ ಗರಿಷ್ಠ ವೇಗವನ್ನು ಗಂಟೆಗೆ 60 ಕಿಲೋಮೀಟರಿನಿಂದ 75ಕ್ಕೆ ಏರಿಸಿದ್ದಾರೆ. ಆದರೂ ಪಟಾಕಿ ಹೋಗಿಲ್ಲ. ಹಳಿಗೆ ಅಡ್ಡಲಾಗಿ ಎಳೆಯುವ ಸುಣ್ಣದ ಗೆರೆಯೂ ಹೋಗಿಲ್ಲ.

ಆಕಾಶದ ಉಪಗ್ರಹವೇ ದಾರಿ ಹೇಳುವಾಗ ಹಳಿಯ ಮೇಲೆ ಪಟಾಕಿ ಏಕೆ? ಹಳೆಯ ಇಲಾಖೆಯ ಹಳೆಯ ಚಾಳಿ ಎಂದು ನಕ್ಕುಬಿಡಬಹುದು. ನನಗೆ ಅದು ಚಾಳಿಯಾಗಿ ಕಾಣುವುದಿಲ್ಲ. ಯಂತ್ರವನ್ನು ನಂಬಬೇಕೋ ಬೇಡವೋ ಎಂದು ನಾವು ಮತ್ತೆ ಮತ್ತೆ ಚರ್ಚಿಸುತ್ತೇವೆ. ಆ ಚರ್ಚೆಯಲ್ಲಿ ಒಂದು ಗುಂಪಿಗೆ ಯಂತ್ರವೇ ದೇವರು, ಇನ್ನೊಂದಕ್ಕೆ ಅದೇ ದೆವ್ವ. ಕೇಳಬೇಕಾದ್ದು ಬೇರೆಯೇ ಇದೆ: ಯಂತ್ರ ಹೇಳಿದ್ದು ಸುಳ್ಳಾದರೆ ಅದು ನಮಗೆ ಗೊತ್ತಾಗುವ ದಾರಿ ಯಾವುದು? ಆ ದಾರಿ ಉಳಿದಿರುವವರೆಗೆ ಎಂಥ ಯಂತ್ರವನ್ನು ಬೇಕಾದರೂ ನಂಬಬಹುದು. ಅದು ಮುಚ್ಚಿಹೋದ ದಿನ ಅತ್ಯುತ್ತಮ ಯಂತ್ರವೂ ಅಪಾಯಕಾರಿ.

ಇದನ್ನು ನೆಲದವರಿಗಿಂತ ಚೆನ್ನಾಗಿ ಬಲ್ಲವರು ಕಡಲಿನವರು. ತಾನೆಲ್ಲಿದ್ದೇನೆ ಎಂದು ಕೇಳಲು ಅಲ್ಲಿ ದಾರಿಹೋಕರಿಲ್ಲ, ಮೈಲುಗಲ್ಲಿಲ್ಲ. 1995ರ ಜೂನ್‌ನಲ್ಲಿ ರಾಯಲ್ ಮೆಜೆಸ್ಟಿ ಎಂಬ ಪ್ರವಾಸಿ ಹಡಗು ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟಿತು. ಒಳಗೆ 1,509 ಜನ. ಹೊರಟು ಒಂದು ಗಂಟೆಯಾಗುವ ಮೊದಲೇ ಜಿಪಿಎಸ್‌ನ ಆಂಟೆನಾ ತಂತಿ ಕಳಚಿಕೊಂಡಿತು. ಉಪಗ್ರಹದ ಸಂಪರ್ಕ ಕಡಿದ ಉಪಕರಣ ಸುಮ್ಮನಾಗಲಿಲ್ಲ. ಹಡಗಿನ ವೇಗ ಮತ್ತು ದಿಕ್ಕನ್ನು ಹಿಡಿದು ಅಂದಾಜಿನ ಮೇಲೆ ಲೆಕ್ಕ ಹಾಕುತ್ತ ಹೋಯಿತು. ಗಾಳಿ, ಕಡಲಿನ ಪ್ರವಾಹ ಹಡಗನ್ನು ಪಕ್ಕಕ್ಕೆ ತಳ್ಳುತ್ತಿದ್ದುದು ಆ ಲೆಕ್ಕಕ್ಕೆ ಸಿಗುವಂತಿರಲಿಲ್ಲ. ಪರದೆಯ ಮೂಲೆಯಲ್ಲಿ ಎರಡು ಪುಟ್ಟ ಸಂಕೇತಗಳೇನೋ ಮೂಡಿದ್ದವು, ಯಾರೂ ಗಮನಿಸಲಿಲ್ಲ. 34 ಗಂಟೆಗೂ ಹೆಚ್ಚು ಕಾಲ ಆಟೋಪೈಲಟ್ ಆ ಅಂದಾಜನ್ನೇ ನಿಜವೆಂದು ನಂಬಿ ನಡೆಯಿತು. ಕೊನೆಗೆ ಹಡಗು ನ್ಯಾಂಟಕೆಟ್ ದ್ವೀಪದ ಪೂರ್ವದ ಮರಳುದಿಬ್ಬಕ್ಕೆ ಹತ್ತಿ ನಿಂತಾಗ ಅದು ತನ್ನ ದಾರಿಯಿಂದ 17 ಮೈಲು ಆಚೆ ಇತ್ತು. ಯಾರ ಜೀವಕ್ಕೂ ಹಾನಿಯಾಗಲಿಲ್ಲ ಎಂಬುದೊಂದೇ ಸಮಾಧಾನ.

ಅಪಘಾತಕ್ಕಿಂತಲೂ ತನಿಖೆಯಲ್ಲಿ ಹೊರಬಂದ ಸಂಗತಿಗಳು ಹೆಚ್ಚು ಯೋಚನೆಗೆ ಹಚ್ಚುತ್ತವೆ. ಎರಡನೆಯ ಸಾಕ್ಷಿ ಆ ಹಡಗಿನಲ್ಲಿ ಇಲ್ಲದೆ ಇರಲಿಲ್ಲ. ನೆಲದ ರೇಡಿಯೋ ಕೇಂದ್ರಗಳಿಂದ ಸ್ಥಳ ಗುರುತಿಸುವ ಲೋರಾನ್ ಉಪಕರಣ ಪಕ್ಕದಲ್ಲೇ ಇತ್ತು, ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಎರಡನ್ನೂ ಹೋಲಿಸಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ನೀರಿನ ಆಳ ಕಡಿಮೆಯಾದರೆ ಕೂಗಬೇಕಿದ್ದ ಗಂಟೆಯನ್ನು ಸೊನ್ನೆ ಮೀಟರಿಗೆ ಇಟ್ಟಿದ್ದರು. ತಳ ತಾಗಿದ ಮೇಲೆ ಕೂಗಿ ಪ್ರಯೋಜನವೇನು? ದಾರಿಯಲ್ಲಿ ಸಿಗಬೇಕಿದ್ದ ಒಂದು ತೇಲುಗುರುತು ಕಾಣಿಸಲೇ ಇಲ್ಲ. ಕಾವಲಿನ ಅಧಿಕಾರಿ ಅದನ್ನು ಕಂಡೆನೆಂದೇ ಕ್ಯಾಪ್ಟನ್‌ಗೆ ಹೇಳಿಬಿಟ್ಟ. ಇದ್ದೇ ಇರುತ್ತದೆ, ಕಂಡರೇನು ಕಾಣದಿದ್ದರೇನು! ಮುಂದೆ ನೀರಿನ ಬಣ್ಣ ಬದಲಾಗಿರುವುದನ್ನು ಕಾವಲುಗಾರರು ಕೂಗಿ ಹೇಳಿದರು. ಆ ಮಾತು ಕಿವಿಗೆ ಬಿತ್ತು, ಚುಕ್ಕಾಣಿ ತಿರುಗಲಿಲ್ಲ.

ಆದ್ದರಿಂದ ಎರಡನೆಯ ಸಾಧನ ಇದ್ದರೆ ಸಾಲದು. ಅದಕ್ಕೆ ಮೊದಲನೆಯದನ್ನು ಅಲ್ಲಗಳೆಯುವ ಅಧಿಕಾರ ಇರಬೇಕು. ರಾಯಲ್ ಮೆಜೆಸ್ಟಿಯಲ್ಲಿ ಒಂದು ಪರದೆ ಗುರುವಾಗಿ, ಉಳಿದ ಸಾಕ್ಷಿಗಳೆಲ್ಲ ಶಿಷ್ಯರಾಗಿದ್ದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ನಮ್ಮವರು. ಆ ಅಧಿಕಾರಿ ಪ್ರತ್ಯಕ್ಷ ಕಾಣದಿದ್ದುದನ್ನೂ ಪ್ರಮಾಣಿಸಿಬಿಟ್ಟ.

ಹಾಗಾದರೆ ಸಾಕ್ಷಿಗಳ ಸಂಖ್ಯೆ ಹೆಚ್ಚಿಸಿದರೆ ಆಯಿತಲ್ಲವೆ? 1831ರಲ್ಲಿ ಡಾರ್ವಿನ್ನನನ್ನು ಕರೆದುಕೊಂಡು ಹೊರಟ ಬೀಗಲ್ ಹಡಗಿನ ಕ್ಯಾಪ್ಟನ್ ರಾಬರ್ಟ್ ಫಿಟ್ಝ್‌ರಾಯ್ ತನ್ನೊಂದಿಗೆ 22 ಕ್ರೊನೊಮೀಟರ್ ಗಡಿಯಾರಗಳನ್ನು ಒಯ್ದ. ಆರು ಅವನ ಸ್ವಂತದವು. ಸಮಯ ತಪ್ಪಿದರೆ ರೇಖಾಂಶ ತಪ್ಪುತ್ತದೆ, ರೇಖಾಂಶ ತಪ್ಪಿದರೆ ನಕ್ಷೆಯೇ ತಪ್ಪುತ್ತದೆ. ಆ ಯಾನದ ಮುಖ್ಯ ಕೆಲಸವೇ ನಕ್ಷೆ ಮಾಡುವುದು. ಒಂದು ಗಡಿಯಾರ ಕೆಟ್ಟರೆ ಉಳಿದವು ಅದನ್ನು ಬಯಲಿಗೆಳೆಯುತ್ತವೆ. ಆದರೆ ಇಷ್ಟೂ ಗಡಿಯಾರಗಳು ಒಂದೇ ಹಡಗಿನ ಕುಲುಕಾಟ, ಒಂದೇ ಸೆಕೆ, ಒಂದೇ ಚಳಿ ಉಂಡವು. ಆದ್ದರಿಂದಲೇ ಅಂದಿನ ನಾವಿಕರು ಬಂದರಿಗೆ ಬಂದಾಗಲೆಲ್ಲ ಸೂರ್ಯ ನಕ್ಷತ್ರಗಳನ್ನು ಅಳೆದು ಗಡಿಯಾರಗಳನ್ನು ಒರೆಗೆ ಹಚ್ಚುತ್ತಿದ್ದರು. ನಕ್ಷತ್ರಕ್ಕೆ ಹಡಗಿನ ಕುಲುಕಾಟ ತಟ್ಟುವುದಿಲ್ಲ.

ಈ ಪಾಠ ನಮ್ಮ ಕಾಲದಲ್ಲಿ ನಮ್ಮ ಮನೆಬಾಗಿಲಿಗೇ ಬಂತು. ಅಮೆರಿಕದ ಜಿಪಿಎಸ್ ಒಂದನ್ನೇ ನೆಚ್ಚಬಾರದೆಂದು ಇಸ್ರೊ ಕಟ್ಟಿದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಮೇಲೇರಿತು. ಅದರ ಸಂಚಾರ ಕೇಂದ್ರ ಇರುವುದು ಬೆಂಗಳೂರಿನ ಹೊರಗಿನ ಬ್ಯಾಲಾಳಿನಲ್ಲಿ. ಉಪಗ್ರಹದ ಪ್ರಾಣವೆಂದರೆ ಅದರೊಳಗಿನ ಪರಮಾಣು ಗಡಿಯಾರ. ಒಂದು ಕೆಟ್ಟರೆ ಇರಲಿ ಎಂದು ಮೂರು ರುಬಿಡಿಯಂ ಗಡಿಯಾರಗಳನ್ನು ಇಟ್ಟಿದ್ದರು. ಮೂರೂ ವಿದೇಶದಿಂದ ಬಂದ ಒಂದೇ ಮಾದರಿಯವು. ಕೆಲವೇ ವರ್ಷಗಳಲ್ಲಿ ಮೂರೂ ಒಂದರ ಹಿಂದೊಂದು ಕೈಕೊಟ್ಟವು. ಮೂರಿದ್ದವು ಎಂಬ ಲೆಕ್ಕ ಸರಿಯಾಗಿತ್ತು. ಒಂದಕ್ಕೆ ಬಂದ ರೋಗ ಇನ್ನೊಂದಕ್ಕೆ ಬಾರದು ಎಂಬ ನಂಬಿಕೆ ತಪ್ಪಾಗಿತ್ತು. 2023ರಲ್ಲಿ ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ಸ್ವದೇಶಿ ಗಡಿಯಾರವೂ ಸೇರಿತು. ಸ್ವದೇಶಿ ಎಂಬ ಹೆಮ್ಮೆ ಸರಿಯೇ. ಅದಕ್ಕಿಂತ ದೊಡ್ಡ ಲಾಭವೆಂದರೆ, ಬೇರೆ ಕೈಯಲ್ಲಿ ಹುಟ್ಟಿದ ಗಡಿಯಾರದ ತಪ್ಪುಗಳೂ ಬೇರೆಯವೇ ಆಗಿರುತ್ತವೆ.

ಪಂಚತಂತ್ರದಲ್ಲಿ ಹೋತವನ್ನು ಹೆಗಲ ಮೇಲೆ ಹೊತ್ತು ನಡೆದ ಬ್ರಾಹ್ಮಣನ ಕತೆ ಎಲ್ಲರಿಗೂ ಗೊತ್ತು. ದಾರಿಯುದ್ದಕ್ಕೂ ಒಬ್ಬರಾದ ಮೇಲೊಬ್ಬರು ಸಿಕ್ಕಿ, ಇದೇನು ನಾಯಿಯನ್ನು ಹೊತ್ತಿದ್ದೀರಿ ಎನ್ನುತ್ತಾರೆ. ಮೂರನೆಯವನ ಮಾತು ಕೇಳುವಷ್ಟರಲ್ಲಿ ಹೋತ ನಾಯಿಯಾಗಿ, ಬೀದಿಯ ಪಾಲಾಗುತ್ತದೆ. ಬ್ರಾಹ್ಮಣ ಪೆದ್ದ ಎಂದು ನಾವು ನಗುತ್ತೇವೆ. ನಿಜಕ್ಕೂ ಅವನು ಮೂರು ಸಾಕ್ಷಿ ಕೇಳಿದ ವಿವೇಕಿ. ಮೂವರೂ ಒಂದೇ ಗುಂಪಿನ ಕಳ್ಳರೆಂದು ವಿಚಾರಿಸದಿದ್ದುದೇ ಅವನ ತಪ್ಪು. ಒಂದೇ ಸುದ್ದಿ ಇಪ್ಪತ್ತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬಂತೆಂದು ನಂಬುವವರೂ ಅದೇ ದಾರಿಯಲ್ಲಿ ನಡೆದವರು. ಫೋನಿನಲ್ಲಿ ನಾಲ್ಕು ಹವಾಮಾನ ಆ್ಯಪ್ ಇಟ್ಟುಕೊಂಡು, ನಾಲ್ಕೂ ಮಳೆ ಎನ್ನುತ್ತಿವೆ ಎಂದು ನಿಶ್ಚಿಂತರಾಗುವವರ ಕತೆಯೂ ಇದೇ. ಅಂಥ ಬಹುಪಾಲು ಆ್ಯಪ್‌ಗಳ ಹಿಂದೆ ಇರುವುದು ಬೆರಳೆಣಿಕೆಯ ಜಾಗತಿಕ ಲೆಕ್ಕಾಚಾರಗಳು. ನಾಲ್ಕು ಬಾಯಿ, ಮಾತು ಒಬ್ಬನದೇ.

ಸಾಕ್ಷಿ ಸ್ವತಂತ್ರವಾಗಿರಬೇಕು ಎಂಬುದರ ಇನ್ನೊಂದು ಮುಖ, ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಸಾಕ್ಷ್ಯವಲ್ಲ ಎಂಬುದು. 1968ರಲ್ಲಿ ಒಬ್ಬೊಬ್ಬರೇ ಎಲ್ಲೂ ನಿಲ್ಲದೆ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯ ನಡೆಯಿತು. ಹೊರಟವರು ಒಂಬತ್ತು ಜನ. ಮುಗಿಸಿದವನು ಒಬ್ಬನೇ, ರಾಬಿನ್ ನಾಕ್ಸ್-ಜಾನ್ಸ್‌ಟನ್. ಅವನ ಸುಹೈಲಿ ದೋಣಿ ತಯಾರಾದದ್ದು ಮುಂಬಯಿಯಲ್ಲಿ. ಸ್ಪರ್ಧಿಗಳಲ್ಲೊಬ್ಬ ಡೊನಾಲ್ಡ್ ಕ್ರೌಹರ್ಸ್ಟ್, ಎಲೆಕ್ಟ್ರಾನಿಕ್ಸ್ ಬಲ್ಲ ಎಂಜಿನಿಯರ್, ನೌಕಾ ಉಪಕರಣಗಳನ್ನು ತಯಾರಿಸಿ ಮಾರುತ್ತಿದ್ದವನು. ದೋಣಿ ಮುಂದೆ ಹೋಗುವ ಸ್ಥಿತಿಯಲ್ಲಿರಲಿಲ್ಲ, ಹಿಂದಿರುಗಿದರೆ ಸಾಲ ಮತ್ತು ಅವಮಾನ. ಅವನು ಅಟ್ಲಾಂಟಿಕ್‌ನಲ್ಲೇ ಸುತ್ತುತ್ತ, ರೇಡಿಯೋದಲ್ಲಿ ಸುಳ್ಳು ಸ್ಥಳ ಹೇಳತೊಡಗಿದ. ಒಂದೇ ದಿನ 243 ಮೈಲು ಸಾಗಿದೆನೆಂದ. ಪತ್ರಿಕೆಗಳು ಹಾಡಿ ಹೊಗಳಿದವು. ಅನುಭವಿ ನಾವಿಕ ಫ್ರಾನ್ಸಿಸ್ ಚಿಚೆಸ್ಟರ್‌ಗೆ ಅನುಮಾನ ಬಂದರೂ ಅದನ್ನು ಪರೀಕ್ಷಿಸುವ ದಾರಿ ಯಾರ ಬಳಿಯೂ ಇರಲಿಲ್ಲ. ಸುಳ್ಳಿನ ಬೆಲೆ ತೆತ್ತವನು ಸುಳ್ಳು ಹೇಳಿದವನೊಬ್ಬನೇ ಅಲ್ಲ. ಕ್ರೌಹರ್ಸ್ಟ್ ಬೆನ್ನಟ್ಟಿ ಬರುತ್ತಿದ್ದಾನೆಂದು ನಂಬಿದ ನೈಜೆಲ್ ಟೆಟ್ಲಿ ತನ್ನ ಜರ್ಜರಿತ ದೋಣಿಯನ್ನು ಮಿತಿಮೀರಿ ಓಡಿಸಿದ. ಗುರಿ ಹತ್ತಿರವಾಗುತ್ತಿದ್ದಾಗ, 1969ರ ಮೇನಲ್ಲಿ, ಅಜೋರ್ಸ್ ದ್ವೀಪಗಳ ಬಳಿ ಅದು ಮುಳುಗಿತು, ಅವನು ಬದುಕುಳಿದ. ಜುಲೈ 10ರಂದು ಕ್ರೌಹರ್ಸ್ಟ್‌ನ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ.

ಇಂದು ಹೀಗೆ ಮೋಸ ಮಾಡಲಾಗದು ಎನ್ನುತ್ತೇವೆ. ಜಗತ್ತಿನ ದೊಡ್ಡ ಹಡಗುಗಳೆಲ್ಲ ಈಗ ಎಲ್ಲಿವೆ ಎಂದು ಅಂತರಜಾಲದ ನಕ್ಷೆಯಲ್ಲಿ ಯಾರು ಬೇಕಾದರೂ ನೋಡಬಹುದು. ಬಣ್ಣಬಣ್ಣದ ಬಾಣಗಳು ಸಮುದ್ರದ ತುಂಬ ಇರುವೆಗಳಂತೆ ಹರಿದಾಡುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು. ಆದರೆ ಆ ಬಾಣ ಎಲ್ಲಿಂದ ಬಂತು? ಹಡಗಿನ ಜಿಪಿಎಸ್ ಹೇಳಿದ್ದನ್ನು ಹಡಗಿನದೇ ರೇಡಿಯೋ ಪ್ರಸಾರ ಮಾಡುತ್ತದೆ. ಅಂದರೆ ಅದೂ ಸ್ವಯಂಹೇಳಿಕೆಯೇ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿ ನಿಂತಿದ್ದ 20ಕ್ಕೂ ಹೆಚ್ಚು ಹಡಗುಗಳು ರಷ್ಯಾದ ಒಂದು ವಿಮಾನ ನಿಲ್ದಾಣದಲ್ಲಿರುವಂತೆ ತೋರಿಸಿದವು. ಹುಸಿ ಸಂಕೇತ ಅವುಗಳ ಜಿಪಿಎಸ್ ಅನ್ನು ಮರುಳುಮಾಡಿತ್ತು. 2021ರ ಜೂನ್‌ನಲ್ಲಿ ಬ್ರಿಟನ್ನಿನ ಡಿಫೆಂಡರ್ ಮತ್ತು ನೆದರ್ಲೆಂಡ್ಸ್‌ನ ಎವರ್ಟ್‌ಸನ್ ಯುದ್ಧನೌಕೆಗಳು ರಷ್ಯಾದ ನೌಕಾನೆಲೆ ಸೆವಾಸ್ಟೊಪೋಲ್‌ನತ್ತ ನುಗ್ಗುತ್ತಿರುವಂತೆ ನಕ್ಷೆ ತೋರಿಸಿತು. ಅದೇ ಹೊತ್ತಿಗೆ ಒಡೆಸ್ಸಾ ಬಂದರಿನ ವೆಬ್‌ಕ್ಯಾಮ್‌ನಲ್ಲಿ ಎರಡೂ ನೌಕೆಗಳು ದಡಕ್ಕೆ ಕಟ್ಟಿಕೊಂಡು ನಿಂತಿದ್ದವು. ಯುದ್ಧಕ್ಕೆ ನೆಪವಾಗಬಹುದಾಗಿದ್ದ ಸುಳ್ಳನ್ನು ಸಾಧಾರಣ ಕ್ಯಾಮೆರಾ ಬಯಲು ಮಾಡಿತು. ಅದು ಉತ್ತಮ ಸಾಧನವಾಗಿದ್ದುದರಿಂದಲ್ಲ. ಉಪಗ್ರಹಕ್ಕೂ ಅದಕ್ಕೂ ನಂಟೇ ಇರಲಿಲ್ಲವಾದ್ದರಿಂದ.

ಇಷ್ಟು ಹೇಳಿದರೆ, ಇವನೂ ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವನೇ ಎಂದು ಓದುಗರು ಭಾವಿಸಬಹುದು. ಅದಕ್ಕೆ 2018ರ ಗೋಲ್ಡನ್ ಗ್ಲೋಬ್ ಪಂದ್ಯವೇ ಉತ್ತರ. ಐವತ್ತು ವರ್ಷ ಹಿಂದಿನಂತೆ, ಸೂರ್ಯ ನಕ್ಷತ್ರಗಳನ್ನು ಅಳೆಯುವ ಸೆಕ್ಸ್‌ಟೆಂಟ್ ಮತ್ತು ಕಾಗದದ ನಕ್ಷೆ ಹಿಡಿದೇ ಸಾಗಬೇಕೆಂಬುದು ಅದರ ನಿಯಮ. ಭಾರತದ ನೌಕಾಧಿಕಾರಿ ಅಭಿಲಾಷ್ ಟೋಮಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ, ಪಟಸ್ತಂಭ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ ಮಲಗಿದಲ್ಲೇ ಉಳಿದಾಗ ಸೆಕ್ಸ್‌ಟೆಂಟ್ ಕೈಹಿಡಿಯಲಿಲ್ಲ. ಉಪಗ್ರಹಕ್ಕೆ ಸುಳಿವು ಕೊಡುವ ತುರ್ತುಸಾಧನ, ಹುಡುಕಿ ಬಂದ ನೌಕಾಪಡೆಯ ವಿಮಾನ, ಮೂರನೆಯ ದಿನ ತಲುಪಿದ ಫ್ರಾನ್ಸ್‌ನ ಗಸ್ತುಹಡಗು, ಇವು ಸೇರಿ ಉಳಿಸಿದವು. ಸೆಕ್ಸ್‌ಟೆಂಟ್ ಹಿಡಿದವನ ಬಳಿ ಉಪಗ್ರಹದ ಸಾಧನ ಇರುವುದು ಎಷ್ಟು ಅಗತ್ಯವೋ, ಉಪಗ್ರಹ ನೆಚ್ಚಿದವನಿಗೆ ಸೆಕ್ಸ್‌ಟೆಂಟ್ ಗೊತ್ತಿರುವುದೂ ಅಷ್ಟೇ ಅಗತ್ಯ. ಅಮೆರಿಕದ ನೌಕಾ ಅಕಾಡೆಮಿ 1990ರ ದಶಕದ ಕೊನೆಯಲ್ಲಿ ಕೈಬಿಟ್ಟಿದ್ದ ನಕ್ಷತ್ರ ನೋಡಿ ದಾರಿ ಹಿಡಿಯುವ ಪಾಠವನ್ನು 2015ರಲ್ಲಿ ಮತ್ತೆ ತಂದದ್ದು ಹಳೆಯದರ ಮೋಹದಿಂದಲ್ಲ, ಜಿಪಿಎಸ್ ಮೇಲೆ ದಾಳಿಯಾದರೆ ಎಂಬ ಲೆಕ್ಕದಿಂದ.

ಗಟ್ಟಿಯಾದ ಆಕ್ಷೇಪವೊಂದು ಉಳಿಯುತ್ತದೆ. ಎರಡು ಸಾಕ್ಷಿಗಳು ಎರಡು ಮಾತಾಡಿದರೆ ಯಾವುದನ್ನು ನಂಬುವುದು? ಒಂದೇ ಇದ್ದಿದ್ದರೆ ಗೊಂದಲವಾದರೂ ಇರುತ್ತಿರಲಿಲ್ಲ. ಹೌದು, ಎರಡನೆಯ ಸಾಕ್ಷಿ ಸತ್ಯ ಯಾವುದೆಂದು ಹೇಳಲಾರದು. ಸತ್ಯ ನಮ್ಮ ಕೈಯಲ್ಲಿಲ್ಲ ಎಂದು ಮಾತ್ರ ಹೇಳಬಲ್ಲದು, ಅದೂ ಸಮಯ ಮೀರುವ ಮೊದಲೇ. ಅಷ್ಟು ಸಾಕು. ಎರಡು ಉಪಕರಣ ಜಗಳವಾಡಿದಾಗ ಯಾವುದು ಸರಿ ಎಂದು ಆ ಕ್ಷಣ ತೀರ್ಮಾನಿಸಬೇಕಿಲ್ಲ. ವೇಗ ಇಳಿಸಬೇಕು, ಆಳ ನೋಡಬೇಕು, ಇನ್ನೊಬ್ಬರನ್ನು ಕೇಳಬೇಕು. ರಾಯಲ್ ಮೆಜೆಸ್ಟಿಯ ಅಧಿಕಾರಿಗಳಿಗೆ ಲೋರಾನ್ ಮೇಲೆ ನಂಬಿಕೆ ಇರಬೇಕಿರಲಿಲ್ಲ. ಎರಡೂ ಹೊಂದುತ್ತಿಲ್ಲ ಎಂಬುದು ಗೊತ್ತಾಗಿದ್ದರೆ ಹಡಗು ಬಾಸ್ಟನ್ ಸೇರುತ್ತಿತ್ತು.

ಕಷ್ಟ ಇರುವುದು ಖರ್ಚಿನಲ್ಲಿ. ಎರಡನೆಯ ಸಾಕ್ಷಿಯ ಖರ್ಚು ಪ್ರತಿದಿನ ಕಣ್ಣಿಗೆ ಬೀಳುತ್ತದೆ. ಅದರ ಲಾಭ, ನಡೆಯದೆ ಹೋದ ಅಪಘಾತ, ಯಾವ ಲೆಕ್ಕದ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಆದ್ದರಿಂದ ಉಳಿತಾಯ ಮಾಡಹೊರಟವರ ಕತ್ತರಿ ಮೊದಲು ತಾಗುವುದು ಅದಕ್ಕೇ. ಆಸ್ಪತ್ರೆಯಲ್ಲಿ ಕಂಪ್ಯೂಟರಿನ ವರದಿಯನ್ನು ರೋಗಿಯ ಮುಖದೊಂದಿಗೆ ತಾಳೆ ನೋಡುವ ನರ್ಸ್, ಕಚೇರಿಯಲ್ಲಿ ತಂತ್ರಾಂಶದ ಮೊತ್ತವನ್ನು ಮತ್ತೊಮ್ಮೆ ಕೂಡಿ ನೋಡುವ ಗುಮಾಸ್ತ, ಪತ್ರಿಕೆಯಲ್ಲಿ ವಿಡಿಯೋ ನಿಜವೇ ಎಂದು ಊರಿಗೆ ಫೋನ್ ಮಾಡಿ ಕೇಳುವ ಉಪಸಂಪಾದಕ, ಇವರೆಲ್ಲ ಕೆಲಸ ನಿಧಾನ ಮಾಡುವವರಂತೆ ಕಾಣುತ್ತಾರೆ. ಯಾವುದೇ ಹೊಸ ಯಂತ್ರ ಬಂದಾಗ ಅದು ಯಾರ ಕೆಲಸ ಉಳಿಸುತ್ತದೆ ಎಂದು ಕೇಳುವ ಜೊತೆಗೆ, ಅದು ತಪ್ಪಿದರೆ ತಪ್ಪೆಂದು ಹೇಳುವವರು ಯಾರು, ಅವರ ಮಾತಿಗೆ ಚುಕ್ಕಾಣಿ ತಿರುಗುತ್ತದೆಯೇ ಎಂದೂ ಕೇಳಬೇಕು. ಎರಡಕ್ಕೂ ಉತ್ತರವಿಲ್ಲದ ಯಂತ್ರ ಎಷ್ಟು ಅಗ್ಗವಾಗಿದ್ದರೂ ದುಬಾರಿಯೇ.